ಕಿಂಡಿಯಿಲ್ಲದ ಮನೆ

ಆಲ್ಮಾಟಿ, ಮೊದಲ ಸಂಜೆ

ಹೊಸ ಮನೆಗೆ ಕಾಲಿಟ್ಟರೆ ಕೆಲವರು ದೇವರ ಮೂಲೆ ನೋಡುತ್ತಾರೆ, ಕೆಲವರು ಒಲೆ ನೋಡುತ್ತಾರೆ. ನಾನು ನೋಡುವುದು ನೀರು ಹೊರಗೆ ಹೋಗುವ ದಾರಿ. ಸಂಡೂರಿನ ಗಣಿ ಆಸ್ಪತ್ರೆಯೊಂದರಲ್ಲಿ ನರ್ಸಾಗಿ, ಆಮೇಲೆ ವಾರ್ಡಿನ ಸಿಸ್ಟರ್ ಆಗಿ ದುಡಿದವಳು ನಾನು. ಕೆಂಪು ಧೂಳು ಹಾಸಿಗೆಯ ಮೇಲೆ, ಗುಳಿಗೆಯ ಡಬ್ಬಿಯ ಮೇಲೆ, ಮಲಗಿದ ರೋಗಿಯ ರೆಪ್ಪೆಯ ಮೇಲೂ ಕೂರುವ ಊರು ಅದು. ಮುಂಜಾನೆ ಐದಕ್ಕೆ ಎದ್ದು, ವಾರ್ಡಿಗೆ ಕೊಡಗಟ್ಟಲೆ ನೀರು ಹೊಯ್ಯಿಸಿ, ಫಿನಾಯಿಲ್ ಹಾಕಿಸಿ, ಕಡ್ಡಿಪೊರಕೆಯಿಂದ ಗೋಡೆ ಬುಡದ ಕಿಂಡಿಗೆ ತಳ್ಳಿಸಿದ ಮೇಲೆಯೇ ನನ್ನ ದಿನ ಶುರುವಾಗುತ್ತಿತ್ತು. ನಿವೃತ್ತಿಯಾಗಿ ಹೊಸಪೇಟೆಗೆ ಬಂದ ಮೇಲೂ ಅದು ತಪ್ಪಿಲ್ಲ. ನಮ್ಮ ಮನೆಯಲ್ಲಿ ಕೋಣೆಗೊಂದು ಕಿಂಡಿ ಇದೆ.

ಆಲ್ಮಾಟಿಯ ಆ ಮನೆಯಲ್ಲಿ ಕಿಂಡಿ ಕಾಣಲಿಲ್ಲ.

ಆಲ್ಮಾಟಿ ಕಜಕಸ್ತಾನದ ಬಹುದೊಡ್ಡ ನಗರ. ನಾನು ಮತ್ತು ನನ್ನ ತಮ್ಮನ ಹೆಂಡತಿ ವನಜಾ ಅಲ್ಲಿಗೆ ಹೋದದ್ದು ಊರು ನೋಡಲಿಕ್ಕಲ್ಲ. ತಮ್ಮ ಶ್ರೀನಿವಾಸ, ನಮಗೆಲ್ಲ ಸೀನ, ಮಣ್ಣು ಅಗೆಯುವ ದೊಡ್ಡ ಯಂತ್ರಗಳ ಮೆಕ್ಯಾನಿಕ್. ಸಂಡೂರಿನಲ್ಲಿ ಕೆಲಸ ಕಡಿಮೆಯಾದಾಗ ಆ ದೇಶದ ಒಂದು ಗಣಿಗೆ ಹೋಗಿದ್ದ. ಚಳಿಗಾಲದ ಮೊದಲಲ್ಲಿ ಯಂತ್ರದ ತೋಳಿನ ಪಿನ್ನು ಬದಲಿಸುವಾಗ ತೋಳು ಜಾರಿ ಅವನ ಬಲಗಾಲಿನ ಮೇಲೆ ಕೂತಿತು. ಗಣಿ ಇದ್ದ ಊರಿನ ಆಸ್ಪತ್ರೆಯಲ್ಲಿ ಕಾಲು ಉಳಿಸಲು ನೋಡಿದರು. ಕೀವು ಏರಿತು. ಆಲ್ಮಾಟಿಯ ಆಸ್ಪತ್ರೆಗೆ ತಂದು ಮೊಣಕಾಲಿನ ಕೆಳಗೆ ತೆಗೆದರು. ನಾವು ತಲುಪುವ ಹೊತ್ತಿಗೆ ಅದು ಮುಗಿದಿತ್ತು.

ಡಾಕ್ಟರು ನಮ್ಮನ್ನು ಕೂರಿಸಿ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು. ಶುಕ್ರವಾರ ಬಿಡುತ್ತೇವೆ. ಆಸ್ಪತ್ರೆಗೆ ಹತ್ತಿರದಲ್ಲಿ ಬೆಚ್ಚಗಿನ, ಶುಚಿಯಾದ ಮನೆ ಇರಬೇಕು. ದಿನಾ ಗಾಯದ ಪಟ್ಟಿ ಬದಲಿಸಬೇಕು. ಗಾಯ ಕೂಡಿಕೊಂಡರೆ ವಿಮಾನ ಹತ್ತಿಸಿ ಊರಿಗೆ ಕರೆದುಕೊಂಡು ಹೋಗಿ. ಮನೆ ಇಲ್ಲವಾದರೆ ಅವನನ್ನು ಮತ್ತೆ ಗಣಿ ಊರಿನ ಆಸ್ಪತ್ರೆಗೆ ಕಳಿಸಬೇಕಾಗುತ್ತದೆ, ಇಲ್ಲಿ ಹಾಸಿಗೆ ಖಾಲಿ ಮಾಡಬೇಕು.

ಗಣಿ ಊರೆಂದರೆ ಹಿಮದ ಬಯಲಿನಲ್ಲಿ ಒಂದು ಹಗಲು, ಒಂದು ರಾತ್ರಿಯ ರೈಲು. ಹಸಿ ಗಾಯ ಹೊತ್ತು ಅಷ್ಟು ದೂರ ಹೋದರೆ ಏನಾಗಬಹುದೆಂದು ವನಜಾಗೆ ತಿಳಿಯಲಿಲ್ಲ. ನನಗೆ ತಿಳಿಯಿತು. ಮುಂದಿನ ಸಲ ಮೊಣಕಾಲಿನ ಮೇಲೆ ಕತ್ತರಿಸುತ್ತಾರೆ. ಅದಕ್ಕೂ ಮುಂದಿನದನ್ನು ನಾನು ಸಂಡೂರಿನಲ್ಲಿ ನೋಡಿದ್ದೇನೆ.

ಹೀಗಾಗಿ ಆ ಬಾಡಿಗೆ ಮನೆ ನಮಗೆ ಮನೆಯಾಗಿರಲಿಲ್ಲ, ಸೀನನ ಕಾಲಿನಲ್ಲಿ ಉಳಿದ ಭಾಗವಾಗಿತ್ತು.

ಹಳೆಯ ಕಾಲದ ಕಟ್ಟಡ, ಮೂರನೆಯ ಮಹಡಿ, ಲಿಫ್ಟ್ ಇಲ್ಲ. ಒಡತಿ ಗುಲ್ನಾರಾ ಎಂಬ ನಡುವಯಸ್ಸಿನ ಹೆಂಗಸು ಬೀಗದ ಕೈ ಕೊಡಲು ಬಂದಿದ್ದಳು. ಅಷ್ಟಿಷ್ಟು ಇಂಗ್ಲಿಷ್ ಬರುತ್ತಿತ್ತು. ಬಾಗಿಲಲ್ಲಿ ಚಪ್ಪಲಿ ಬಿಡಿಸಿದಳು, ಅಷ್ಟರಮಟ್ಟಿಗೆ ನಮ್ಮವಳೇ. ಎರಡು ಕೋಣೆ, ಮರದ ಪಟ್ಟಿಗಳನ್ನು ಕೂಡಿಸಿದ ನೆಲ, ಕಿಟಕಿಯ ಕೆಳಗೆ ಬಿಸಿನೀರು ಹರಿಯುವ ಕಬ್ಬಿಣದ ಕೊಳವೆಗಳು. ಶಾಖ ಇಡೀ ಊರಿಗೆ ಒಂದೇ ಕಡೆಯಿಂದ ಬರುತ್ತದಂತೆ, ನಮ್ಮ ಕೈಯಲ್ಲಿ ಹೆಚ್ಚು ಕಡಿಮೆ ಇಲ್ಲ. ಹೊರಗೆ ಹೆಪ್ಪುಗಟ್ಟುವ ಚಳಿ, ಒಳಗೆ ನಮ್ಮ ಕಂಪ್ಲಿಯ ಏಪ್ರಿಲ್ ಸೆಕೆ.

ಮರುದಿನ

ಬೆಳಗಾಗೆದ್ದು ಬ್ರೆಡ್ಡು ಹಾಲು ತರಲು ಇಳಿದೆವು. ಊರಿನ ಒಂದು ಬದಿಗೆ ಉದ್ದಕ್ಕೂ ಬಿಳಿ ಬೆಟ್ಟ. ಅಲ್ಲಿಯವರು ದಾರಿ ಹೇಳುವಾಗ ಎಡ ಬಲ ಅನ್ನುವುದಿಲ್ಲ. ಬೆಟ್ಟದ ಕಡೆಗೆ ಹೋದರೆ ಮೇಲೆ, ಬೆನ್ನು ತಿರುಗಿಸಿದರೆ ಕೆಳಗೆ. ಮಧ್ಯಾಹ್ನದ ಹೊತ್ತಿಗೆ ಬೆಟ್ಟವೇ ಹೊಗೆಯಲ್ಲಿ ಮುಚ್ಚಿಹೋಗುತ್ತಿತ್ತು. ಸಂಡೂರಿನ ಧೂಳು ಕೆಂಪು, ಇಲ್ಲಿಯದು ಬೂದು, ಗಂಟಲಿಗೆ ಎರಡೂ ಒಂದೇ. ರಸ್ತೆಗಳ ಪಕ್ಕ ಬೆಟ್ಟದ ನೀರಿಗೆಂದು ಸಣ್ಣ ಕಾಲುವೆಗಳನ್ನು ಕಟ್ಟಿದ್ದರು. ನಮ್ಮ ಊರಿನ ಕಾಲುವೆಗಳ ಮಕ್ಕಳಿದ್ದಂತೆ ಇದ್ದವು, ಆದರೆ ಒಣಗಿ, ಎಲೆ ತುಂಬಿ.

ಜನ ತಲೆ ತಗ್ಗಿಸಿ ನಡೆಯುತ್ತಿದ್ದರು. ಇಬ್ಬರು ಸೀರೆಯವರು, ಮೇಲೆ ಗಂಡಸರ ಕೋಟು, ಕಿವಿಗೆ ಮಫ್ಲರು, ಮಂಜಿನಲ್ಲಿ ಹೆಜ್ಜೆ ಎಣಿಸುತ್ತ ಹೋದರೂ ಒಬ್ಬರೂ ಮುಖ ಎತ್ತಿ ನೋಡಲಿಲ್ಲ. ಹೊಸಪೇಟೆಯಲ್ಲಿ ನಾನು ಬೇರೆ ಬಣ್ಣದ ಚೀಲ ಹಿಡಿದು ಹೊರಟರೂ ಎಲ್ಲಿಗೆ ಎಂದು ಮೂರು ಜನ ಕೇಳುತ್ತಾರೆ.

"ಸತ್ತು ಬಿದ್ರೂ ದಾಟಿಕೊಂಡು ಹೋಗ್ತಾರೇನೋರಿ ಅಕ್ಕಾರ," ಅಂದಳು ವನಜಾ.

"ಬೀಳಬ್ಯಾಡ. ನೋಡಿಕೊಂಡು ಕಾಲಿಡು," ಅಂದೆ ನಾನು.

ಮನೆಗೆ ಬಂದು ಸೀನನ ಕೋಣೆಯನ್ನು ಸಿದ್ಧ ಮಾಡಲು ಕೂತೆ. ಯಾರೋ ಇದ್ದು ಹೋದ ಮನೆ. ಮಂಚದ ಕೆಳಗೆ ಕೂದಲು, ಮೂಲೆಯಲ್ಲಿ ಬ್ರೆಡ್ಡಿನ ಪುಡಿ. ಹಸಿ ಗಾಯದ ಮನುಷ್ಯನನ್ನು ಇಂಥ ಕೋಣೆಗೆ ತರುವುದು ನನ್ನಿಂದಾಗದು. ಒರೆಸಿದರೆ ಸಾಲದೇ, ಅಂದಳು ವನಜಾ. ಒರೆಸುವುದೆಂದರೆ ಕೊಳೆಯನ್ನು ಇಲ್ಲಿಂದ ಅಲ್ಲಿಗೆ ಸರಿಸುವುದು ಎಂದು ಹೊಸದಾಗಿ ಬಂದ ನರ್ಸುಗಳಿಗೆ ವರ್ಷಗಟ್ಟಲೆ ಹೇಳಿದವಳು ನಾನು. ಬಚ್ಚಲಿಂದ ಬಾಲ್ದಿ ತುಂಬಿ ತಂದು ಹೊಯ್ದೆ. ಅಂಗಡಿಯಿಂದ ತಂದ, ಫಿನಾಯಿಲ್ ಇರಬಹುದಾದ ಒಂದು ದ್ರಾವಣ ಸುರಿದೆ. ಚೆನ್ನಾಗಿ ಉಜ್ಜಿದೆ. ಮತ್ತೆ ನೀರು. ನೋಡನೋಡುತ್ತ ನೆಲ ಹೊಳೆಯಿತು.

ಇನ್ನು ನೀರನ್ನು ತಳ್ಳಬೇಕು. ಬಚ್ಚಲ ನೆಲದಲ್ಲಿ ತೂತಿಲ್ಲ. ಅಡುಗೆಮನೆಯಲ್ಲಿಲ್ಲ. ಬಾಲ್ಕನಿಯ ಬಾಗಿಲು ಹಿಮಕ್ಕೆ ಅಂಟಿಕೊಂಡಿದೆ. ನಾನು ಬಗ್ಗಿ ಗೋಡೆಯ ಬುಡವನ್ನೆಲ್ಲ ಹುಡುಕುತ್ತ ಹೋದೆ. ಕಿಟಕಿಯ ಕೆಳಗೆ, ಬಿಸಿನೀರಿನ ಕೊಳವೆ ನೆಲದೊಳಕ್ಕೆ ಇಳಿಯುವಲ್ಲಿ, ಸುತ್ತ ಒಂದು ದುಂಡಗಿನ ಸಂದು ಕಂಡಿತು.

"ಸಿಕ್ತು ನೋಡು ಕಿಂಡಿ!" ಎಂದೆ. "ಎಲ್ಲಿಟ್ಟಾರ ನೋಡು ಜಾಣರು."

ವನಜಾ, ನಾನು, ಇಬ್ಬರೂ ಕೂಡಿ ಕೋಣೆಯ ನೀರನ್ನೆಲ್ಲ ಅದರೊಳಕ್ಕೆ ತಳ್ಳಿದೆವು. ಗೊಟ ಗೊಟ ಎಂದು ಇಳಿಯಿತು. ಬಂದ ಮೇಲೆ ಮೊದಲ ಸಲ ನನಗೆ ಸಮಾಧಾನವೆನಿಸಿ, ಇನ್ನೊಂದು ಬಾಲ್ದಿ ಹೊಯ್ದು ತಳ್ಳಿದೆ.

ಕೆಳಮನೆ

ಬಾಗಿಲು ಬಡಿಯಲಿಲ್ಲ, ಗುದ್ದಿದರು. ತೆರೆದರೆ ಒಬ್ಬ ದಪ್ಪನೆಯ ಮುದುಕಿ, ರಾತ್ರಿಯ ನಿಲುವಂಗಿ, ಕೂದಲೆಲ್ಲ ಒದ್ದೆ. ನನ್ನ ವಯಸ್ಸಿನವಳೇ. ರಷ್ಯನ್ ಭಾಷೆಯಲ್ಲಿ ಕೂಗಿದ್ದೇ ಕೂಗಿದ್ದು. ಒಂದು ಅಕ್ಷರ ತಿಳಿಯದಿದ್ದರೂ ಏನು ಅನ್ನುತ್ತಿದ್ದಾಳೆಂದು ತಿಳಿಯಿತು. ನನ್ನ ಮಣಿಕಟ್ಟು ಹಿಡಿದು ಮೆಟ್ಟಿಲಿಳಿಸಿ ತನ್ನ ಮನೆಗೆ ಎಳೆದುಕೊಂಡು ಹೋದಳು.

ಅವಳು ಮಲಗಿದ್ದ ಮಂಚದ ಮೇಲೆ ಸೂರಿನ ಗಾರೆ ಹಪ್ಪಳದಂತೆ ಬಿದ್ದಿತ್ತು. ಬೀರು, ಅದರ ಮೇಲಿಟ್ಟ ಗಂಡನ ಫೋಟೋ, ಹಾಸಿಗೆ ಎಲ್ಲದರಿಂದಲೂ ನನ್ನ ಫಿನಾಯಿಲಿನ ವಾಸನೆ. ಸೂರಿನ ದೀಪದ ಗಾಜಿನ ಬಟ್ಟಲಿನೊಳಗೆ ನೀರು ನಿಂತಿತ್ತು. ನಾನು ಕೋಣೆಯ ನಡುವೆ ಕೈ ಕಟ್ಟಿ ನಿಂತೆ.

ಮುದುಕಿ ಫೋನ್ ಮಾಡಿದ್ದಕ್ಕೆ ಗುಲ್ನಾರಾ ಓಡಿ ಬಂದಳು. ಸೂರು ನೋಡಿದಳು. ಮೇಲೆ ನಮ್ಮ ಮನೆಗೆ ಬಂದು ಮರದ ನೆಲ ಉಬ್ಬಿ ಏಳುವುದನ್ನು ನೋಡಿದಳು. ಮೂಲೆಯ ಬಾಲ್ದಿ, ಪೊರಕೆ ನೋಡಿದಳು.

"ನೀರು ಯಾಕೆ ಹೊಯ್ದಿರಿ?" ಎಂದು ಕೇಳಿದಳು.

"ತೊಳೆಯಲಿಕ್ಕೆ."

"ನೆಲವನ್ನು?"

"ಹೌದು."

"ನಾಳೆ ಮನೆ ಬಿಡಿ," ಎಂದಳು.

ಮರುದಿನ ಗುರುವಾರ. ಅದರ ಮರುದಿನ ಸೀನ ಬರಬೇಕು. ನಾನು ವನಜಾಳ ಮುಖ ನೋಡಲಿಲ್ಲ. ಕಾಲಿನ ಸಂಗತಿ, ಡಾಕ್ಟರು ಹೇಳಿದ್ದು, ಗಣಿ ಊರಿನ ರೈಲು, ಎಲ್ಲವನ್ನೂ ಒಂದೊಂದಾಗಿ ಹೇಳಿದೆ. ಗುಲ್ನಾರಾ ತುಟಿ ಕಚ್ಚಿಕೊಂಡು ಕೇಳಿದಳು. ಆಮೇಲೆ, "ನನ್ನದೇನೂ ಇಲ್ಲ, ತಮಾರಾ ಒಪ್ಪಬೇಕು. ಅವಳು ಪೊಲೀಸರನ್ನು ಕರೆದರೆ ನಿಮ್ಮಿಬ್ಬರಿಗೂ ನನಗೂ ಕಷ್ಟ," ಎಂದಳು. ಕೆಳಮನೆಯವಳ ಹೆಸರು ತಮಾರಾ ಎಂದು ತಿಳಿದದ್ದು ಆಗಲೇ. ಮೂವರೂ ಮತ್ತೆ ಕೆಳಗಿಳಿದೆವು.

ತಮಾರಾ ಬ್ರೆಡ್ಡಿನ ಕಾರ್ಖಾನೆಯಲ್ಲಿ ರಾತ್ರಿಪಾಳಿ ಮಾಡಿದವಳು. ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ಅವಳ ರಾತ್ರಿ ಶುರುವಾಗುವುದು ನಮ್ಮ ಬೆಳಗಿನಲ್ಲಿ. ಮಂಚದ ತುದಿಗೆ ಕೂತು, ಟವೆಲಿನಿಂದ ತಲೆ ಒರೆಸಿಕೊಳ್ಳುತ್ತ ಗುಲ್ನಾರಾ ಹೇಳಿದ್ದನ್ನು ಕೇಳಿದಳು. ಕಾಲಿನ ಮಾತು ಬಂದಾಗ ಒರೆಸುವ ಕೈ ನಿಂತಿತು. ನನ್ನನ್ನು ಮೇಲಿಂದ ಕೆಳಗೆ ನೋಡಿ ಏನೋ ಹೇಳಿದಳು.

"ಇರಬಹುದಂತೆ," ಎಂದಳು ಗುಲ್ನಾರಾ. "ಆದರೆ ನೆಲಕ್ಕೆ ಒಂದು ಹನಿ ನೀರು ಬೀಳಬಾರದು. ಮತ್ತೆ, ಇವತ್ತು ಬೆಳಗ್ಗೆ ಐದರಿಂದ ಒಬ್ಬರು ಅವಳ ತಲೆಯ ಮೇಲೆ ಪೆರೇಡ್ ಮಾಡಿದರಂತೆ. ಯಾರದು?"

ವನಜಾ ನನ್ನ ಕಡೆ ನೋಡಿದಳು.

"ಎಂಟರವರೆಗೆ, ಅವಳಿಗೆ ಗಾಢ ನಿದ್ದೆ ಹತ್ತುವವರೆಗೆ, ಮಂಚದಿಂದ ಕಾಲು ಇಳಿಸಬಾರದಂತೆ. ಇಳಿಸಿದರೆ ಅವಳು ಕೊಳವೆ ಬಡಿಯುತ್ತಾಳೆ. ಮೂರು ಸಲ ಬಡಿದರೆ ಪೊಲೀಸ್."

ನಾನು ಒಪ್ಪಿದೆ. ಅಂದು ಸಂಜೆಯವರೆಗೂ ವನಜಾ, ನಾನು ಇಬ್ಬರೂ ಅವಳ ಕೋಣೆಯಲ್ಲಿ ಬಿದ್ದ ಗಾರೆ ಗುಡಿಸಿ, ಹಾಸಿಗೆಯನ್ನು ಕೊಳವೆಯ ಹತ್ತಿರ ಒಣಹಾಕಿದೆವು. ಅವಳು ಬೆನ್ನು ತಿರುಗಿಸಿ ಟೀವಿ ನೋಡುತ್ತಿದ್ದಳು. ಹೊರಡುವಾಗ ಹೋಗಿ ಬರುತ್ತೇವೆ ಎಂದು ಕೈ ಮುಗಿದೆ. ಬರಬೇಡಿ ಎನ್ನುವಂತೆ ಬಾಗಿಲು ಹಾಕಿಕೊಂಡಳು.

ಐದರಿಂದ ಎಂಟು

ಐದಕ್ಕೆ ಎಚ್ಚರವಾಗಿ ಎಂಟರವರೆಗೆ ಮಲಗಿಯೇ ಇರುವುದು ಏನೆಂದು ನನಗೆ ಗೊತ್ತಿರಲಿಲ್ಲ. ಜ್ವರ ಬಂದಾಗಲೂ ಎದ್ದವಳು. ನನ್ನ ಗಂಡ ತೀರಿಕೊಂಡ ಮರುದಿನವೂ ಐದಕ್ಕೆ ಎದ್ದು ಅಂಗಳಕ್ಕೆ ನೀರು ಹಾಕಿದ್ದೆ, ಜನ ಗಟ್ಟಿ ಹೆಂಗಸು ಅಂದರು. ಗಟ್ಟಿಯೇನಲ್ಲ. ಕೈಗೆ ಕೆಲಸ ಕೊಟ್ಟರೆ ಮನಸ್ಸು ಹಿಂದೆ ಬೀಳುತ್ತದೆ, ಅಷ್ಟೇ. ಆಲ್ಮಾಟಿಯ ಕತ್ತಲಲ್ಲಿ ಕೈ ಸುಮ್ಮನೆ ಕಂಬಳಿಯ ಮೇಲಿತ್ತು. ಹಿಂದೆ ಬಿದ್ದದ್ದೆಲ್ಲ ಬಂದು ಹಾಸಿಗೆಯ ಮೇಲೆ ಕೂತಿತು.

ಆಸ್ಪತ್ರೆಯಲ್ಲಿ ಸೀನ ನಮ್ಮೊಡನೆ ಮಾತಾಡಿದ್ದು ಕಡಿಮೆ. ಹೊದಿಕೆ ಬಲಗಡೆ ಬೇಗ ಮುಗಿಯುತ್ತಿತ್ತು. ನನ್ನ ಕಣ್ಣು ಅಲ್ಲಿಗೆ ಹೋಗದಂತೆ ನಾನು ಅವನ ನಾಡಿ ಹಿಡಿದು ಕೂರುತ್ತಿದ್ದೆ. ನಾಡಿ ನೋಡಲು ಅಲ್ಲಿ ಯಂತ್ರವಿತ್ತು.

"ಅಕ್ಕಾರ, ಎಚ್ಚರದೀರೇನ್ರಿ?" ಪಕ್ಕದ ಮಂಚದಿಂದ ವನಜಾ ಪಿಸುಗುಟ್ಟಿದಳು.

"ಇನ್ನೇನು ಮಾಡ್ಲಿ."

"ನಮ್ಮ ಮನ್ಯಾಗ ಯಾರಿಗೂ ಹೇಳಿಲ್ರಿ ನಾ. ಎಲುಬು ಮುರದೈತಿ ಅಂತ ಅಷ್ಟ ಹೇಳೀನಿ. ನಮ್ಮ ಅವ್ವ ದಿನಾ ಫೋನ್ ಮಾಡಿ ಪ್ಲಾಸ್ಟರ್ ಬಿಚ್ಚಿದ್ರೇನು ಅಂತ ಕೇಳ್ತಾಳ."

"ಏನಂತಿ?"

"ಇನ್ನೂ ಇಲ್ಲ ಅಂತೀನಿ." ನನ್ನ ಕಡೆ ಮಗ್ಗಲು ತಿರುಗಿ, "ನೀವು ಯಾರಿಗೆ ಹೇಳೀರಿ?"

ನಾನೂ ಯಾರಿಗೂ ಹೇಳಿರಲಿಲ್ಲ. ಅವಳಿಗೆ ಅದನ್ನು ಹೇಳಬೇಕಾಗಲಿಲ್ಲ. ಕಿಟಕಿಯಲ್ಲಿ ಬೆಳಕು ಬರಲಿ ಎಂದು ಇಬ್ಬರೂ ಕಾದೆವು. ಅಲ್ಲಿ ಚಳಿಗಾಲದ ಬೆಳಕಿಗೂ ಎಂಟರ ಮೊದಲು ಏಳುವ ಅಭ್ಯಾಸವಿಲ್ಲ.

ಶುಕ್ರವಾರ, ಆಮೇಲಿನ ದಿನಗಳು

ಆಸ್ಪತ್ರೆಯ ಗಂಡಸರು ಸೀನನನ್ನು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲೇರಿಸಿದರು. ತಿರುವಿನಲ್ಲಿ ಕುರ್ಚಿ ವಾಲಿತು. ಎರಡನೆಯ ಮಹಡಿಯ ಬಾಗಿಲು ತೆರೆದು ತಮಾರಾ ಅವರಿಗೆ ಏನೋ ಬೈದಳು. ಕುರ್ಚಿ ನೆಟ್ಟಗಾಯಿತು. ಅವಳು ಸೀನನನ್ನು ನೋಡಲಿಲ್ಲ, ಬಾಗಿಲು ಹಾಕಿಕೊಂಡಳು.

ಪಟ್ಟಿ ಬದಲಿಸುವ ಕೆಲಸ ನನ್ನದು. ಮೊದಲ ದಿನ ಬಿಚ್ಚಿದಾಗ ಸೀನ ಗೋಡೆ ನೋಡಿದ. ವನಜಾ ಅಡುಗೆಮನೆಗೆ ಹೋದಳು. ಹೊಲಿಗೆ ಶುಚಿಯಾಗಿತ್ತು, ಕೆಂಪಿರಲಿಲ್ಲ, ವಾಸನೆ ಇರಲಿಲ್ಲ. ಹತ್ತಾರು ಕಾಲು ನೋಡಿದ ಕಣ್ಣಿಗೆ ಅದು ಒಳ್ಳೆಯ ಗಾಯ. ಚಿಕ್ಕಂದಿನಲ್ಲಿ ಕಾಲುವೆಯಲ್ಲಿ ಈಜು ಕಲಿಸಿದ ಅಕ್ಕನ ಕಣ್ಣಿಗೆ ಏನೆಂದು ಬರೆಯುವುದಿಲ್ಲ.

ಬೆಳಗಿನ ಹೊತ್ತು ಅವನಿಗೆ ಇಲ್ಲದ ಪಾದ ನೋಯುತ್ತಿತ್ತು. ಹಲ್ಲು ಕಚ್ಚಿ ಮಲಗಿರುತ್ತಿದ್ದ. ನಾನು ಇತ್ತ ಎಚ್ಚರವಿದ್ದು, ಎದ್ದು ಹೋಗಲಾರದೆ ಮಲಗಿರುತ್ತಿದ್ದೆ. ಎಂಟಾದ ಮೇಲೆ ಅವನನ್ನು ಕಿಟಕಿಯ ಬಳಿ ಕೂರಿಸುತ್ತಿದ್ದೆವು. ಅಲ್ಲಿಂದ ರಸ್ತೆ ಕಾಣುತ್ತಿತ್ತು. ಬೇರೆಲ್ಲೂ ಕೂರಲು ಒಪ್ಪುತ್ತಿರಲಿಲ್ಲ.

ಗಾಯ ಕೂಡಿತು. ಡಾಕ್ಟರು ನೋಡಿ ತಲೆಯಾಡಿಸಿದರು, ಇನ್ನು ವಿಮಾನ ಹತ್ತಬಹುದು. ಆ ದಿನ ನಾನು ಶಾವಿಗೆ ಪಾಯಸ ಮಾಡಿದೆ. ಬಟ್ಟಲನ್ನು ಸೀನನ ಕೈಗಿಟ್ಟು, "ಟಿಕೀಟು ಮಾಡಸ್ತೀನಿ. ಮುಂದಿನ ವಾರ ಹೊಸಪೇಟಿ," ಎಂದೆ.

ಅವನು ಒಂದು ಚಮಚ ತಿಂದ. "ನೀವಿಬ್ಬರೂ ಹೋಗ್ರಿ."

"ನೀನು?"

"ನಾ ಬರಂಗಿಲ್ಲ."

"ಬರಂಗಿಲ್ಲ ಅಂದ್ರ?" ವನಜಾ ಸೌಟು ಹಿಡಿದೇ ಬಂದಳು. "ಇಷ್ಟೆಲ್ಲಾ ಯಾಕ ಮಾಡಿದ್ವಿರಿ ಮತ್ತ? ಆ ಮುದುಕಿ ಕೈಲಿ ಬೈಸಿಕೊಂಡು, ಕಳ್ಳರಂಗ ಹಾಸಿಗ್ಯಾಗ ಬಿದ್ದುಕೊಂಡು? ನಿಮ್ಮನ್ನ ಊರಿಗೆ ಒಯ್ಯಾಕಲ್ಲೇನು?"

"ನಾ ಕೇಳಿದ್ನೇನು?"

"ಕೇಳೋದೇನೈತ್ರಿ ಇದರಾಗ? ಮನಿಗೆ ಹೋಗಾಕ ಯಾರರ ಕೇಳ್ತಾರೇನು?"

ಸೀನ ಬಟ್ಟಲನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. ಅವಳಿಗಲ್ಲ, ನನಗೆ ಹೇಳಿದ.

"ಅಕ್ಕಾ, ಸಂಡೂರು ಬಸ್ ಸ್ಟ್ಯಾಂಡಿನ್ಯಾಗ ಸೀನ ಯಾರು ಅಂತ ಕೇಳು. ಯಂತ್ರದ ತೋಳಿನ ತುದಿಗೆ ಏರಿ ಕುಂತು ಬೀಡಿ ಸೇದಾಂವ ಅಂತಾರ. ನಾ ಕಟಗಿ ಊರಿಕೊಂಡು ಇಳದ್ರ ಎಲ್ಲಾರೂ ಬರ್ತಾರ. ಬಂಡ್ರಿಯಿಂದ ಟಂಟಂ ಗಾಡಿ ಮಾಡಿಕೊಂಡು ಬರ್ತಾರ. ಕುಂದರ್ತಾರ, ಚಾ ಕುಡೀತಾರ, ಬಟ್ಟಿ ಸರಿಸಿ ನೋಡ್ತಾರ. ನಿನ್ನ ವಾರ್ಡಿನ್ಯಾಗ ನೋಡಿಲ್ಲೇನು ನೀ?"

ನೋಡಿದ್ದೆ. ಕೈ ಹೋದ ಕೂಲಿಯವನೊಬ್ಬನನ್ನು ನೋಡಲು ಅವನ ಊರೇ ಬಂದಿತ್ತು. ಪ್ರೀತಿಯಿಂದಲೇ ಬಂದವರು. ಒಬ್ಬೊಬ್ಬರೂ ಹೊದಿಕೆ ಎತ್ತಿ ನೋಡಿದರು. ನಾನು ಗದರಿಸಿ ಹೊರಗೆ ಹಾಕಿದೆ. ಬಿಡುಗಡೆಯಾಗಿ ಹೋದ ಮೇಲೆ ಅವನ ಮನೆಯ ಬಾಗಿಲಲ್ಲಿ ನಿಂತು ಗದರಿಸುವ ಸಿಸ್ಟರ್ ಇರಲಿಲ್ಲ. ಅವನು ಹಗಲು ಹೊತ್ತು ಹೊರಗೆ ಬರುವುದನ್ನೇ ಬಿಟ್ಟನೆಂದು ಕೇಳಿದೆ.

"ಇಲ್ಲಿ ದಿನಾ ಈ ಕಿಟಕ್ಯಾಗ ಕುಂತಿರ್ತೀನಿ," ಎಂದ ಸೀನ. "ಎಷ್ಟು ಮಂದಿ ಹೋಗ್ತಾರ ಕೆಳಗ. ಒಬ್ಬರರ ತಲಿ ಎತ್ತಿ ನೋಡಂಗಿಲ್ಲ. ಅದರಷ್ಟು ಆರಾಮ ನನಗ ಯಾವ ಗುಳಿಗ್ಯಾಗೂ ಆಗಿಲ್ಲಕ್ಕಾ. ಇಲ್ಲೇ ಕಾಲು ಮಾಡಿಕೊಡ್ತಾರಂತ. ಅದನ್ನ ಹಾಕ್ಕೊಂಡು ನಡೆಯೋದು ಕಲೀತೀನಿ. ನಡಕೊಂಡು ಇಳೀತೀನಿ ಹೊಸಪೇಟ್ಯಾಗ. ಇಲ್ಲಂದ್ರ ಇಳಿಯಂಗಿಲ್ಲ."

"ತಿಂಗಳುಗಟ್ಟಲೆ ಆಗ್ತೈತಿ."

"ಆಗ್ಲಿ."

ಬಂದ ದಿನದಿಂದ ಆ ಊರಿನ ಯಾವ ಗುಣವನ್ನು ನಾನು ಬೈದುಕೊಂಡೆನೋ ಅದೇ ಅವನಿಗೆ ಔಷಧಿಯಾಗಿತ್ತು. ನಾನು ಗಾಯಕ್ಕೆ ಬೇಕಾದ್ದನ್ನೆಲ್ಲ ಒದಗಿಸಿದ್ದೆ. ಮನುಷ್ಯನಿಗೆ ಏನು ಬೇಕೆಂದು ಕೇಳಿರಲಿಲ್ಲ.

ಪಾಯಸ ಆರಿ ಕೆನೆಗಟ್ಟಿತು. ವನಜಾ ಅಡುಗೆಮನೆಯಲ್ಲಿ ಒಂದಷ್ಟು ಅತ್ತು, ಮುಖ ತೊಳೆದುಕೊಂಡು ಬಂದು, "ನಾನೂ ಇರ್ತೀನ್ರಿ," ಎಂದಳು. ಗುಲ್ನಾರಾಗೆ ಫೋನ್ ಮಾಡಿದರೆ ಅದೇ ಮಾತು, ತಮಾರಾಳನ್ನು ಕೇಳಿ. ನಾನು ಸೆರಗು ಸರಿಮಾಡಿಕೊಂಡು ಎದ್ದೆ. ವನಜಾ ನನ್ನನ್ನು ಕೂರಿಸಿ, ನಮ್ಮ ಮಾತನ್ನು ರಷ್ಯನ್ನಿಗೆ ತಿರುಗಿಸುವ ಆ್ಯಪನ್ನು ಫೋನಿನಲ್ಲಿ ತೆರೆದುಕೊಂಡು ತಾನೇ ಇಳಿದು ಹೋದಳು. ಬರುವಾಗ ಅವಳ ಮುಖದಲ್ಲಿ ಬಹಳ ದಿನದಿಂದ ಕಾಣದಿದ್ದ ನಗುವೊಂದು ಅರ್ಧಕ್ಕೆ ನಿಂತಿತ್ತು.

"ಏನಂದ್ಲು?"

"ಐದಕ್ಕ ಏಳಾಕಿ ಹೋಗ್ತಾಳೋ ಇಲ್ಲೋ ಅಂತ ಕೇಳಿದ್ಲುರಿ. ಹೋಗ್ತಾಳ ಅಂದೆ. ಹಂಗಾದ್ರ ನೀವು ಎಷ್ಟು ದಿನರ ಇರ್ರಿ ಅಂದ್ಲು."

ಸೀನ ನಕ್ಕ. ಕಾಲು ಹೋದ ಮೇಲೆ ಅವನು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಾನೂ ನಕ್ಕೆ, ಆದರೆ ಆ ರಾತ್ರಿ ನನ್ನ ಪೆಟ್ಟಿಗೆ ಕಟ್ಟುವಾಗ ಕೈ ಬಹಳ ತಡಮಾಡಿತು. ಪಟ್ಟಿ ಕಟ್ಟುವುದನ್ನು ವನಜಾಗೆ ಕಲಿಸಿ ಹೊರಟೆ.

ಹೊಸಪೇಟೆ

ರೈಲಿಳಿದು ಹೊರಗೆ ಬಂದರೆ ಬಿಸಿಲು, ಆಟೊಗಳ ಗದ್ದಲ, ಹತ್ತು ದಿಕ್ಕಿನಿಂದ ಕೂಗು. ನಮ್ಮ ಓಣಿಯ ಆಟೊದವನು ಪೆಟ್ಟಿಗೆ ಎತ್ತಿಕೊಳ್ಳುತ್ತಲೇ ಕೇಳಿದ, "ಸಿಸ್ಟರಮ್ಮ, ಸೀನಣ್ಣ ಎಲ್ಲ್ರಿ? ಕರಕೊಂಡು ಬರಲಿಲ್ಲೇನು?"

ವಿಮಾನದಲ್ಲಿ ಇದನ್ನೇ ಯೋಚಿಸಿಕೊಂಡು ಬಂದಿದ್ದೆ. ಮುಚ್ಚಿದ ಗಾಯ ಒಣಗುವುದಿಲ್ಲ. "ಬಲಗಾಲು ಹೋತಪ್ಪ," ಎಂದೆ. "ಮೊಣಕಾಲಿನ ಕೆಳಗ. ಜೀವಕ್ಕೇನಿಲ್ಲ. ಅಲ್ಲೇ ಅದಾನ."

ಅವನು ಪೆಟ್ಟಿಗೆಯನ್ನು ಕೆಳಗಿಟ್ಟ. ಪಕ್ಕದ ಆಟೊದವನು ಬಂದ, ಹೂವಿನವಳು ಬಂದಳು. ಸಂಜೆಯ ಹೊತ್ತಿಗೆ ನನ್ನ ಪಡಸಾಲೆ ತುಂಬಿತ್ತು. ಮಲಪನಗುಡಿಯಿಂದ ಸೋದರಮಾವನ ಮಗ ಎಣ್ಣೆಯ ಶೀಸೆ ತಂದಿದ್ದ, ಕಡಿದ ಕಾಲಿಗೆ ಹಚ್ಚಲು. ವನಜಾಳ ತಾಯಿ ಮೂಲೆಯಲ್ಲಿ ಕೂತು ಅಳುತ್ತಿದ್ದರು, ಸುತ್ತಲೂ ನಾಲ್ಕು ಹೆಂಗಸರು ಅಳುವುದಕ್ಕೆ ಸಹಾಯ ಮಾಡುತ್ತಿದ್ದರು.

"ಇನ್ನೇನು ಮಾಡ್ತಾನ್ರೀ ಪಾಪ? ಕುಂತು ಮಾಡೋ ಕೆಲಸನ ನೋಡಬೇಕು," ಎಂದರು ಒಬ್ಬರು.

"ಕಿರಾಣಿ ಅಂಗಡಿ ಹಾಕಿಕೊಡ್ರಿ. ಗಲ್ಲಾದ ಮ್ಯಾಲ ಕುಂದರ್ತಾನ. ಕಾಲು ಯಾರಿಗೂ ಕಾಣಂಗಿಲ್ಲ."

"ಫೋಟೋ ಐತೇನ್ರಿ ಸಿಸ್ಟರ್? ಎಲ್ಲೀತನಕ ತಗದಾರ ನೋಡೂಣು."

ಇಲ್ಲ ಎಂದೆ. ಆ ಹೊತ್ತಿಗೆ ಫೋನ್ ಬಂತು. ಹಿತ್ತಲಿಗೆ ಹೋಗಿ ಎತ್ತಿದೆ.

"ಮುಟ್ಟಿದೇನಕ್ಕಾ?" ಸೀನನ ದನಿ. "ಹೇಳಿದೇನು?"

"ಹೇಳಿದೆ."

"ಬಂದಿದ್ರೇನು?"

"ಇನ್ನೂ ಕುಂತಾರ."

ನನ್ನ ಬೆನ್ನ ಹಿಂದಿನ ಗದ್ದಲ ಅವನಿಗೆ ಕೇಳಿಸುತ್ತಿದ್ದಿರಬೇಕು.

"ಬರ್ಲಿ ಬಿಡು, ಎಲ್ಲಾರೂ ಬರ್ಲಿ," ಎಂದೆ. "ಏನೇನು ಕೇಳೋದೈತೋ ಎಲ್ಲಾ ನನ್ನ ಹತ್ರನ ಕೇಳಿ ಮುಗಿಸ್ಲಿ. ದಿನಾ ಬಂದು ಕೇಳ್ಲಿ. ಬ್ಯಾಸರಾಗಿ ಬಿಡೋತನಕ ಕೇಳ್ಲಿ. ಆಮ್ಯಾಲ ನೀ ಬಾ."

ಫೋನ್ ಸೆರಗಿನಲ್ಲಿ ಸಿಕ್ಕಿಸಿಕೊಂಡು ಒಳಗೆ ಬಂದೆ. ಕಂಪ್ಲಿಯ ಬಸ್ಸಿಗೆ ಬಂದವರು ಹೊಸ್ತಿಲ ಹೊರಗೆ ಚಪ್ಪಲಿ ಬಿಡುತ್ತ, ಒಳಗೆ ಬರುವುದೋ ಬೇಡವೋ ಎಂದು ನಿಂತಿದ್ದರು.

"ಬರ್ರಿ," ಎಂದೆ. "ಕುಂದ್ರಿ."